ಕೆಳಗಿಡಬಾರದ ಕ್ಯಾರಿಯರ್

ಜಯನಗರದ ಆ ಮನೆಯ ಅಡುಗೆಮನೆಗೆ ಹೊಸ್ತಿಲು ಎರಡಿದ್ದವು. ಒಂದು ಮರದ್ದು, ಅರಿಸಿನ ಬಳಿದು ಕುಂಕುಮ ಇಟ್ಟದ್ದು, ಬಂದವರಿಗೆಲ್ಲ ಕಾಣುವಂಥದ್ದು. ಇನ್ನೊಂದು ಅದರಿಂದ ಒಂದು ಮಾರು ಈಚೆಗೆ, ಕೆಂಪು ಗಾರೆ ನೆಲದಲ್ಲಿ ಮೇಸ್ತ್ರಿ ಅಂದಕ್ಕೆಂದು ಎಳೆದಿದ್ದ ಕಪ್ಪು ಪಟ್ಟಿ. ಮನೆ ಕಟ್ಟಿಸಿದ ಸೋದರಮಾವನಿಗೆ ಅದು ಬರೀ ಪಟ್ಟಿ, ಅತ್ತೆಗೆ ಗಡಿ. ಹೊರಗಿನಿಂದ ಬಂದವರು ಸ್ನಾನ ಮಾಡದೆ ಅದನ್ನು ದಾಟುವ ಹಾಗಿರಲಿಲ್ಲ. ಮಾವ ಕಚೇರಿಯಿಂದ ಬಂದು ಕಾಲು ತೊಳೆದರೆ ಸಾಕಿತ್ತು. ಅವರ ಮಗ ಪ್ರಸನ್ನ ಕ್ರಿಕೆಟ್ ಆಡಿ ಬಂದು ಕೈ ತೊಳೆದರೂ ನಡೆಯುತ್ತಿತ್ತು. ಹೊರಗಿನವಳು ಎಂದರೆ ಆ ಮನೆಯಲ್ಲಿ ನಾನೊಬ್ಬಳೇ. ಹಿತ್ತಲ ಬಾಗಿಲಿನಿಂದ ಬಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿಯಲ್ಲಿ ತಣ್ಣೀರು ಹೊಯ್ದುಕೊಂಡು, ಗಳದ ಮೇಲಿನ ಒಣಬಟ್ಟೆ ಉಟ್ಟು ಒಳಗೆ ಕಾಲಿಡಬೇಕು. ರಾತ್ರಿ ಮಲಗುವುದು ಬಚ್ಚಲಿಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ. ನೀರು ಕಾಯಿಸುವ ಹಂಡೆಯ ಒಲೆ ಪಕ್ಕದಲ್ಲೇ ಇದ್ದುದರಿಂದ ಗೋಡೆ ಬೆಚ್ಚಗಿರುತ್ತಿತ್ತು. ಅಲ್ಲಿ ನನಗೆ ಸಿಕ್ಕ ಬೆಚ್ಚಗಿನ ವಸ್ತು ಅದೊಂದೇ ಎಂದು ಬರೆದರೆ ಕೆಲವರಿಗೆ ಅತಿ ಎನಿಸಬಹುದು. ನಾನು ಯೋಚಿಸಿಯೇ ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ಅಲ್ಲಿ ಬಿಟ್ಟರು. ಅಪ್ಪ ಮದುವೆ ಅಡುಗೆಯವರು. ಲಗ್ನದ ತಿಂಗಳುಗಳಲ್ಲಿ ಇವತ್ತು ಮಂಡ್ಯದ ಛತ್ರವಾದರೆ ನಾಳೆ ಕೋಲಾರದ ಛತ್ರ. ಉಳಿದ ದಿನಗಳಲ್ಲಿ ಯಾರದೋ ಮನೆಯ ಜಗಲಿ. ಹೆಣ್ಣುಮಗುವನ್ನು ಸೌಟುಗಳ ಚೀಲದ ಜೊತೆ ಊರೂರು ತಿರುಗಿಸಲಾಗದೆ ಅಮ್ಮನ ಅಣ್ಣನ ಮನೆಗೆ ಕರೆತಂದರು. ಮಾವ ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಒಳ್ಳೆಯವರಾಗಿದ್ದು ರೇಡಿಯೋದ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಪೇಪರಿನ ಹಿಂದೆ. ಮೊದಲ ದಿನವೇ ಅತ್ತೆ ನನ್ನ ಟ್ರಂಕನ್ನು ತೋರಿಸಿ ಹೇಳಿದ್ದರು:

"ನೋಡು ಶಾಂತಾ, ಈ ಟ್ರಂಕ್ ಅಟ್ಟದ ಮೇಲೆ ಇಡಿಸಲ್ಲ. ಇಲ್ಲೇ ಬಾಗ್ಲ ಹಿಂದೆ ಇರ್ಲಿ. ಎದುರು ಮಾತಾಡಿದ ದಿನ ನೀನೂ ಅದೂ ಒಟ್ಟಿಗೆ ಬಸ್ ಹತ್ತಬಹುದು."

ಬಸ್ ಹತ್ತಿ ಎಲ್ಲಿಗೆ ಹೋಗಬೇಕು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮನೆ ತಪ್ಪಿದರೆ ಶಾಲೆ ತಪ್ಪುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಊಟದ ವಿಷಯ. ಪ್ರಸನ್ನನ ಅನ್ನಕ್ಕೆ ತುಪ್ಪ ಎರಡು ಮಿಳ್ಳೆ, ಮಾವನಿಗೆ ಒಂದು. ನನಗೆ, ಖಾಲಿ ಮಿಳ್ಳೆಯನ್ನು ತಟ್ಟೆಯ ಮೇಲೆ ಒಮ್ಮೆ ಒದರುವುದು. ಬಿದ್ದರೆ ಬಿತ್ತು. ನಾನು ಕಪ್ಪು ಪಟ್ಟಿಯ ಈಚೆ ಕೂತು ಉಣ್ಣಬೇಕು, ತಟ್ಟೆಯನ್ನು ನಾನೇ ತೊಳೆದು ಬೇರೆ ಗೂಡಿನಲ್ಲಿ ಬೋರಲು ಹಾಕಬೇಕು. ನಾನೂ ಅತ್ತೆಯ ಜಾತಿಯವಳೇ, ಅವರ ಗಂಡನ ತಂಗಿಯ ಮಗಳೇ. ಆದರೆ ಛತ್ರದ ಅಡುಗೆಯವನ ಮಗಳು, ಬೀದಿ ಸುತ್ತುವವಳು. ಬೀದಿ ಸುತ್ತಿಸುತ್ತಿದ್ದವರು ಅವರೇ. ಹಾಲಿನ ಬೂತು, ರೇಷನ್ ಅಂಗಡಿಯ ಸಾಲು, ಕರಿಬೇವು, ಹೂವು, ಗಿರಣಿಗೆ ಗೋಧಿ, ಎಲ್ಲಕ್ಕೂ ನಾನೇ. "ಓಡು" ಎಂಬ ಮಾತು ಆ ಮನೆಯಲ್ಲಿ ನನ್ನ ಹೆಸರಿಗಿಂತ ಹೆಚ್ಚು ಕೇಳುತ್ತಿತ್ತು. ಮಾವ ಕೊಡುತ್ತಿದ್ದ ಕಳೆದ ವರ್ಷದ ಡೈರಿಗಳಲ್ಲಿ ವಾರಗಳನ್ನು ತಿದ್ದಿಕೊಂಡು ನಾನು ದಿನಚರಿ ಬರೆಯುತ್ತಿದ್ದೆ. ಅಂದು ಯಾವ ಕೆಲಸ, ಯಾವ ಬೈಗುಳ, ತುಪ್ಪ ಬಿತ್ತೋ ಇಲ್ಲವೋ. ಅಳು ಬರೆಯುತ್ತಿರಲಿಲ್ಲ. ಅತ್ತ ದಿನಕ್ಕೆ ಒಂದು ಗೀಟು ಹಾಕುತ್ತಿದ್ದೆ. ಒಂದು ದಿನ ಇವೆಲ್ಲ ತೀರಬೇಕು ಎಂಬ ಆಸೆ ಆ ವಯಸ್ಸಿಗೇ ನನ್ನಲ್ಲಿ ಗಟ್ಟಿಯಾಗಿತ್ತು. ಎಲ್ಲರೂ ಬಾಲ್ಯದಲ್ಲಿ ಏನಾದರೊಂದನ್ನು ಸಾಕುತ್ತಾರೆ, ನಾಯಿಯನ್ನೋ ಗಿಳಿಯನ್ನೋ. ನಾನು ಸೇಡು ಸಾಕಿದೆ.

ಪ್ರಸನ್ನನಿಗೆ ಉಪನಯನವಾದ ಬೇಸಿಗೆ ಅತ್ತೆಗೆ ಹೊಸ ನೇಮ ಹತ್ತಿಕೊಂಡಿತು. ಜನಿವಾರ ಹಾಕಿದ ಮಗ ಬೆಳಿಗ್ಗೆ ಕಟ್ಟಿಕೊಟ್ಟ ತಂಗಳು ಡಬ್ಬಿ ತಿನ್ನಬಾರದು, ಶಾಲೆಯಲ್ಲಿ ಕಂಡವರ ಪಕ್ಕ ಇಟ್ಟ ಊಟ ಮುಟ್ಟಬಾರದು. ಮಧ್ಯಾಹ್ನದ ಹೊತ್ತಿಗೆ ಮಡಿಯಲ್ಲಿ ಮಾಡಿದ ಬಿಸಿ ಅಡುಗೆ ಅವನಿಗೆ ಹೋಗಬೇಕು. ಅವನ ಶಾಲೆ ತ್ಯಾಗರಾಜನಗರದ ಕಡೆ, ಫೀಸು ಕಟ್ಟಿ ಓದುವಂಥದ್ದು. ನನ್ನದು ಮನೆಯ ಹತ್ತಿರದ ಹೆಣ್ಣುಮಕ್ಕಳ ಶಾಲೆ. ನನ್ನ ಊಟದ ಬೆಲ್ಲು ಹೊಡೆದ ಕೂಡಲೇ ಮನೆಗೆ ಬಂದು, ತಣ್ಣೀರು ಹೊಯ್ದುಕೊಂಡು, ಮೂರು ಅಂತಸ್ತಿನ ಹಿತ್ತಾಳೆ ಕ್ಯಾರಿಯರ್ ಹಿಡಿದು ಅವನ ಶಾಲೆಗೆ ಹೋಗಿ, ಮರದ ಕೆಳಗೆ ಕಾಯುವ ಅವನ ಕೈಗೇ ಕೊಟ್ಟು ವಾಪಸ್ಸು ಬರಬೇಕು. ಮೊದಲ ದಿನ ಅತ್ತೆ ಹೊಸ್ತಿಲಾಚೆ ನಿಂತು ಹೇಳಿಕೊಟ್ಟರು:

"ದಾರೀಲಿ ಎಲ್ಲೂ ಕೆಳಗಿಡಬಾರದು. ಯಾರನ್ನೂ ಮುಟ್ಟಬಾರದು. ನಿಂತ್ಕೋಬಾರದು."

"ಯಾಕತ್ತೆ ನಿಂತ್ಕೋಬಾರದು?"

"ನಿಂತ್ರೆ ಯಾರಾದ್ರೂ ತಾಗ್ತಾರೆ. ಓಡ್ತಿದ್ರೆ ಯಾರು ತಾಗ್ತಾರೆ? ಓಡೋವರೆಗೂ ಮಡಿ, ನಿಂತ್ರೆ ಮೈಲಿಗೆ. ಹುಳಿ ಚೆಲ್ಲಿದ್ರೆ ನಿನಗೆ ರಾತ್ರಿ ಊಟ ಇಲ್ಲ. ಓಡು."

ಈ ಶಾಸ್ತ್ರ ಯಾವ ಪುಸ್ತಕದಲ್ಲೂ ಇರಲಾರದು. ಅತ್ತೆಯೇ ಹೊಸ್ತಿಲಾಚೆ ನಿಂತಲ್ಲೇ ಹುಟ್ಟಿಸಿದ್ದು. ನಾನಿನ್ನೂ ದೊಡ್ಡವಳಾಗಿರಲಿಲ್ಲ, ಹಾಗಾಗಿ ತಿಂಗಳ ರಜೆಯೂ ಇಲ್ಲ. ಮೊದಲ ವಾರ ಎರಡು ರಾತ್ರಿ ಊಟ ತಪ್ಪಿತು. ಆಮೇಲೆ ಕಲಿತೆ. ಕ್ಯಾರಿಯರ್ ಹಿಡಿದ ಕೈಯನ್ನು ಮೈಯಿಂದ ತುಸು ದೂರ ಇಡಬೇಕು, ಭುಜ ಕುಣಿಯಬಾರದು, ಹಿಮ್ಮಡಿ ಕುಟ್ಟದೆ ಮುಂಗಾಲಿನಲ್ಲಿ ಇಳಿಯಬೇಕು, ತಿರುವಿನಲ್ಲಿ ಮೈ ವಾಲಿಸಬಾರದು. ಬರಿಗಾಲು. ಬೇಸಿಗೆಯ ಡಾಂಬರಿನಲ್ಲಿ ಮರದ ನೆರಳಿನಿಂದ ನೆರಳಿಗೆ ಹಾರಬೇಕು. ನನ್ನ ಸೊಂಟದ ಮೇಲಿನ ಮೈ ಒಬ್ಬ ಹೆಂಗಸು ದೀಪ ಹಿಡಿದು ನಡೆದ ಹಾಗೆ, ಕೆಳಗಿನ ಮೈ ಬೆನ್ನಟ್ಟಿಸಿಕೊಂಡ ನಾಯಿಯ ಹಾಗೆ. ಒಂದು ಮಧ್ಯಾಹ್ನ ನಮ್ಮ ಶಾಲೆಯ ಡ್ರಿಲ್ ಮಾಸ್ತರು ನರಸಪ್ಪನವರು ಬೀಡಾ ಅಂಗಡಿಯ ಮುಂದೆ ನಿಂತು ನನ್ನನ್ನು ನೋಡಿದರು. ಮರುದಿನ ಸಾಲಿನಿಂದ ಈಚೆ ಕರೆದರು.

"ಏನಮ್ಮಾ, ನಿನ್ನೆ ಯಾವ್ದೋ ಪಾತ್ರೆ ಹಿಡ್ಕೊಂಡು ಓಡ್ತಿದ್ಯಲ್ಲ. ಏನಿತ್ತು ಅದ್ರಲ್ಲಿ?"

"ಅನ್ನ, ಹುಳಿ, ಪಲ್ಯ ಸಾರ್."

"ಚೆಲ್ತಾ?"

"ಇಲ್ಲ ಸಾರ್."

"ಪಾತ್ರೆ ಇಲ್ದೆ ಒಂದ್ಸಲ ಓಡಿ ತೋರ್ಸು ನೋಡಣ."

ಓಡಿದೆ. ಕೈ ಖಾಲಿ ಇಟ್ಟುಕೊಂಡು ಓಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ತಿರುಗಿ ನೋಡಿದರೆ ಜೊತೆಗೆ ಬಿಟ್ಟಿದ್ದ ಹುಡುಗಿಯರು ಹಿಂದೆ ಇದ್ದರು, ಒಬ್ಬಳನ್ನು ಬಿಟ್ಟು. ಅವಳು ನನಗಿಂತ ಮುಂದೆ ಹೋಗಿ ಗೋಡೆಗೆ ಒರಗಿ ನಗುತ್ತಿದ್ದಳು. ಹೆಸರು ಗೌತಮಿ. ಬಡಾವಣೆಯ ಸೈಟುಗಳು ಏಳುವ ಮೊದಲಿನಿಂದ ಇದ್ದ ಹಳ್ಳಿಯ ಹಿಂದಿನ ಸಾಲಿನವಳು. ಅವಳ ಅಪ್ಪ ಬೌದ್ಧರಾಗಿ ಮಗಳಿಗೆ ಆ ಹೆಸರು ಇಟ್ಟಿದ್ದರು, ಅಮ್ಮ ಸುಂದರಮ್ಮ ಆಸ್ಪತ್ರೆಯಲ್ಲಿ ಆಯಾ.

"ಚೆನ್ನಾಗೇ ಓಡ್ತೀಯ ಕಣೆ," ಎಂದಳು. "ಆದ್ರೆ ಯಾರೋ ನಿನ್ ತಲೆ ಮೇಲೆ ಬಿಂದಿಗೆ ಇಟ್ಟಂಗೆ ಓಡ್ತೀಯ."

ನರಸಪ್ಪ ಮಾಸ್ತರು ನಾಲ್ಕು ಜನರ ರಿಲೇ ತಂಡ ಕಟ್ಟಿದರು. ಗೌತಮಿ, ನಾನು, ಮೇರಿ, ಸಾವಿತ್ರಿ. ಅಭ್ಯಾಸಕ್ಕೆ ನನಗೆ ಸಮಯವೇ ಇಲ್ಲ ಎಂದಾಗ ಅದಕ್ಕೆ ದಾರಿ ಕಂಡವರು ಆ ಮೂವರು. ಬೆಳಗಿನ ಹಾಲಿನ ಬೂತಿನಲ್ಲಿ ಜನ ಬರುವ ಮೊದಲೇ ಬುಟ್ಟಿ ಇಟ್ಟು ಸಾಲು ಹಿಡಿಯುವುದು ಆಗಿನ ಪದ್ಧತಿ. ನಾಲ್ವರ ಬುಟ್ಟಿಗಳನ್ನೂ ಒಟ್ಟಿಗೆ ಇಟ್ಟು, ಕಾವಲಿಗೆ ಮೇರಿಯ ಅಜ್ಜಿಯನ್ನು ಕೂರಿಸಿ, ಹಾಲಿನ ವ್ಯಾನು ಬರುವವರೆಗೆ ಎದುರಿನ ಮೈದಾನ ಸುತ್ತುತ್ತಿದ್ದೆವು. ವ್ಯಾನು ತಿರುವಿನಲ್ಲಿ ಕಂಡರೆ ಅಜ್ಜಿ ಸೆರಗು ಬೀಸುತ್ತಿದ್ದರು. ಅದೇ ನಮ್ಮ ಸೀಟಿ. ಆ ಹೊತ್ತಿನಲ್ಲಿ ನನಗೆ ಏನಾಗುತ್ತಿತ್ತು ಎಂಬುದನ್ನು ದಿನಚರಿಯಲ್ಲಿ ಬರೆಯಲು ಆಗಿರಲಿಲ್ಲ, ಈಗ ಪ್ರಯತ್ನಿಸುತ್ತೇನೆ. ಮನೆಯಲ್ಲಿ ನಾನು ಯಾರದೋ ಕೆಲಸಕ್ಕೆ ಓಡುತ್ತಿದ್ದೆ. ಇಲ್ಲಿ ಓಟದ ತುದಿಯಲ್ಲಿ ಒಂದು ಕೈ ಹಿಂದಕ್ಕೆ ಚಾಚಿ ನನಗಾಗಿ ಕಾಯುತ್ತಿತ್ತು. ನಾನು ತಡ ಮಾಡಿದರೆ ಆ ಕೈ ಗಾಳಿಯಲ್ಲಿ ಹಾಗೇ ಉಳಿಯುತ್ತದೆ. ನನ್ನನ್ನು ನೆಚ್ಚಿಕೊಂಡವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಬೈಗುಳಕ್ಕೆ ಬಗ್ಗುತ್ತಿದ್ದ ನನ್ನ ಕತ್ತು ಆ ಕೆಲವೇ ತಿಂಗಳಲ್ಲಿ ನೆಟ್ಟಗಾಯಿತು. ಅತ್ತೆ ಅದನ್ನು ಗಮನಿಸಿ, "ಇತ್ತೀಚೆಗೆ ಏನೋ ದಿಟ್ಟಿಸಿ ನೋಡ್ತೀಯಲ್ಲೇ," ಎಂದರು. ನಾನು ದಿಟ್ಟಿಸುವುದನ್ನು ನಿಲ್ಲಿಸಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಗೌತಮಿ ನಮ್ಮ ಮನೆಯ ಗೇಟಿಗೆ ಬಂದಳು. ಅಭ್ಯಾಸದ ಹೊತ್ತು ಬದಲಾಗಿದೆ ಎಂದು ಹೇಳುವುದಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅತ್ತೆ ವರಾಂಡದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಆಂಟಿ, ಒಂದ್ ಲೋಟ ನೀರು ಕೊಡ್ತೀರಾ?"

"ಯಾರ ಮನೆ ಹುಡುಗಿ ನೀನು?"

ಗೌತಮಿ ಹೇಳಿದಳು, ಓಣಿ, ಅಪ್ಪನ ಹೆಸರು, ಎಲ್ಲ. ಅವಳಿಗೆ ಮುಚ್ಚಿಡುವ ಅಭ್ಯಾಸ ಇರಲಿಲ್ಲ.

"ಶಾಂತಾ, ಗಿಡಕ್ಕೆ ಹಾಕೋ ಮಗ್ ತಗೊಂಡ್ಬಾ. ಒಳಗಿಂದು ಬೇಡ. ಏ ಹುಡುಗಿ, ಆ ಚರಂಡಿ ಹತ್ರ ನಿಂತ್ಕೋ, ಕೈ ಒಡ್ಡು."

ನಾನು ಮಗ್ ತಂದೆ. ಅತ್ತೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಎತ್ತರದಿಂದ, ಸೀರೆಗೆ ಹನಿ ಸಿಡಿಯದಷ್ಟು ಎತ್ತರದಿಂದ ಸುರಿದರು. ಅರ್ಧ ನೀರು ಗೌತಮಿಯ ಲಂಗದ ಮೇಲೆ ಹೋಯಿತು. ಅವಳು ಕುಡಿದಳು, ಬಾಯಿ ಒರೆಸಿಕೊಂಡಳು, "ಥ್ಯಾಂಕ್ಸ್ ಆಂಟಿ," ಎಂದಳು. ಅವಳು ತಿರುವು ದಾಟುವ ಮುನ್ನವೇ ಅತ್ತೆ ನನ್ನಿಂದ ಗೇಟು ತೊಳೆಸಿದರು. ನಾನು ತೊಳೆಯುತ್ತಿದ್ದುದನ್ನು ಗೌತಮಿ ತಿರುವಿನಿಂದ ನೋಡಿದಳು.

ಸೋಮವಾರ ಬೆಳಿಗ್ಗೆ ಅವಳು ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಬೂತಿನ ಮುಂದೆ ಬುಟ್ಟಿ ಇಟ್ಟು ನನ್ನ ಪಕ್ಕಕ್ಕೇ ಬಂದಳು.

"ಆ ಕ್ಯಾರಿಯರ್ ದಾರೀಲಿ ಕೆಳಗೆ ಇಡಂಗಿಲ್ಲ ಅಲ್ವಾ?"

"ಇಡಂಗಿಲ್ಲ."

"ನಿಲ್ಲಂಗಿಲ್ಲ?"

"ನಿಲ್ಲಂಗಿಲ್ಲ."

"ಸರಿ. ಇವತ್ತಿಂದ ಅರ್ಧ ದಾರಿ ನಾನು ತರ್ತೀನಿ. ಕೆಳಗೆ ಇಡಲ್ಲ, ನಿಲ್ಲಲ್ಲ. ನಿಮ್ಮತ್ತೆ ರೂಲ್ಸ್ ಒಂದೂ ಮುರಿಯಲ್ಲ."

ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಮೇರಿ, "ನಂಗೂ ಒಂದು ತಿರುವು ಕೊಡ್ರೆ," ಎಂದಳು. ಸಾವಿತ್ರಿ ಸ್ವಲ್ಪ ಹೆದರಿದಳು, ಆದರೆ ಹಿಂದೆ ಉಳಿಯಲಿಲ್ಲ.

ಅಂದಿನಿಂದ ಪ್ರಸನ್ನನ ಮಡಿ ಊಟ ನಾಲ್ಕು ಕೈಗಳಲ್ಲಿ ಹೋಯಿತು. ಮನೆಯಿಂದ ಪಾರ್ಕಿನ ಮೂಲೆಯವರೆಗೆ ನಾನು. ಅಲ್ಲಿ ಓಡುತ್ತಲೇ ಕೈ ಹಿಂದಕ್ಕೆ ಚಾಚಿದ ಸಾವಿತ್ರಿ. ಹುಣಸೆಮರದ ಹತ್ತಿರ ಮೇರಿ. ಕೊನೆಗೆ ಗೌತಮಿ. ನಾನು ಅಡ್ಡದಾರಿಯಲ್ಲಿ ಹೋಗಿ ಶಾಲೆಯ ಗೇಟಿನ ಹಿಂದೆ ಅವಳಿಂದ ತೆಗೆದುಕೊಂಡು ಪ್ರಸನ್ನನ ಕೈಗೆ ಕೊಡುತ್ತಿದ್ದೆ. ತಿರುಗಿ ನೋಡದೆ ಕೈ ಚಾಚುವುದು, ಹಿಡಿ ಅಂಗೈಗೆ ತಾಗಿದ ಮೇಲೆಯೇ ಬೆರಳು ಮಡಿಸುವುದು, ಕೊಡುವವಳು ಅವಸರದಲ್ಲಿ ಬಿಟ್ಟುಬಿಡದೆ ಎರಡು ಹೆಜ್ಜೆ ಜೊತೆಗೆ ಓಡುವುದು, ಇವನ್ನೆಲ್ಲ ನರಸಪ್ಪ ಮಾಸ್ತರು ಮರದ ತುಂಡಿನಲ್ಲಿ ಕಲಿಸಲು ಹೆಣಗಿದ್ದರು. ಕುದಿಯುವ ಹುಳಿ ಅದನ್ನು ಬೇಗ ಕಲಿಸಿತು. ಮೊದಲ ದಿನ ಸಾವಿತ್ರಿಯ ಮೊಣಕೈ ಸುಟ್ಟಿತು, ಆಮೇಲೆ ಯಾರದೂ ಸುಡಲಿಲ್ಲ. ಪ್ರಸನ್ನ ಮರದ ಕೆಳಗೆ ಜನಿವಾರ ಸರಿಮಾಡಿಕೊಂಡು, ಊಟದ ಮುಂಚೆ ನೀರು ಬಿಟ್ಟು, ಚಪ್ಪರಿಸಿ ಉಣ್ಣುತ್ತಿದ್ದ. ಗೇಟಿನ ಸಂದಿನಲ್ಲಿ ಗೌತಮಿಯೂ ನಾನೂ ನೋಡುತ್ತಿದ್ದೆವು. ಅಷ್ಟು ಸುಖ ನನಗೆ ಆಮೇಲೆ ಗೆದ್ದ ಯಾವ ಪದಕದಲ್ಲೂ ಸಿಕ್ಕಿಲ್ಲ.

ಅಂತರಶಾಲಾ ಓಟ ಭಾನುವಾರ, ಊರಿನ ದೊಡ್ಡ ಮೈದಾನದಲ್ಲಿ. ಅಂದು ಪ್ರಸನ್ನನಿಗೆ ಶಾಲೆ ಇಲ್ಲದ್ದರಿಂದ ಅತ್ತೆ ಅಡ್ಡಿ ಹೇಳಲಿಲ್ಲ. ಬೂಟು ಹಾಕಿದ, ಬಸ್ಸಿನಲ್ಲಿ ಬಂದಿಳಿದ ಕಾನ್ವೆಂಟ್ ಹುಡುಗಿಯರು ನಮ್ಮ ಕಾಲುಗಳನ್ನು ನೋಡಿ ತಮ್ಮತಮ್ಮಲ್ಲೇ ಏನೋ ಹೇಳಿಕೊಂಡರು. ಮೊದಲು ನಾನು ಓಡಿದೆ. ಕೈಯಲ್ಲಿದ್ದ ಕೋಲು ಎಷ್ಟು ಹಗುರವೆಂದರೆ ಹಿಡಿದಿದ್ದೇನೋ ಇಲ್ಲವೋ ಎಂದು ಎರಡು ಬಾರಿ ನೋಡಿಕೊಂಡೆ. ಎರಡನೇ ಬದಲಾವಣೆಯಲ್ಲಿ ಪಕ್ಕದ ಸಾಲಿನವರ ಕೋಲು ಬಿತ್ತು. ನಮ್ಮದು ಬೀಳುವುದು ಸಾಧ್ಯವೇ ಇರಲಿಲ್ಲ, ನಾವು ಕೆಳಗೆ ಇಡದವರು. ಕೊನೆಯ ಸುತ್ತಿನಲ್ಲಿ ಗೌತಮಿ ಎಲ್ಲರನ್ನೂ ಹಿಂದೆ ಹಾಕಿ ದಾರವನ್ನು ಎದೆಯಿಂದ ಕಿತ್ತುಕೊಂಡು ಹೋದಳು. ನರಸಪ್ಪ ಮಾಸ್ತರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಮರುದಿನ ಪೇಪರಿನಲ್ಲಿ ಹೆಬ್ಬೆರಳಿನಷ್ಟು ಚಿತ್ರ.

ಆ ಚಿತ್ರ ಬಂದ ಮೇಲೆ ನಾನು ಅತ್ತೆಯ ಸೊತ್ತಾದೆ. ಹೂವಿನವಳಿಗೆ, ಎದುರುಮನೆಯವರಿಗೆ, ಭಜನೆಯ ಹೆಂಗಸರಿಗೆ, "ತಾಯಿಲ್ಲದ ಮಗು, ಬಾದಾಮಿ ಹಾಲು ಕೊಟ್ಟು ಬೆಳೆಸ್ತಿದ್ದೀನಿ," ಎಂದು ಹೇಳತೊಡಗಿದರು. ಮನೆಯೊಳಗೆ ನನ್ನ ತಟ್ಟೆಗೆ ಮೊದಲಿನಂತೆಯೇ ಖಾಲಿ ಮಿಳ್ಳೆ ಒದರುತ್ತಿದ್ದರು. ನವೆಂಬರಿನಲ್ಲಿ ಬಡಾವಣೆಯ ಸಂಘದವರು ಪಾರ್ಕಿನ ಮುಂದೆ ಶಾಮಿಯಾನ ಹಾಕಿ ರಾಜ್ಯೋತ್ಸವ ಮಾಡುತ್ತಿದ್ದರು. ಆ ವರ್ಷ ನಮ್ಮ ತಂಡಕ್ಕೆ ಸನ್ಮಾನ ಎಂದು ಗೊತ್ತಾಯಿತು. ನಮ್ಮ ತಂಡಕ್ಕೆ ಎಂದರೆ, ನಾಲ್ವರಿಗೂ ಒಂದೊಂದು ಪೆನ್ನು. ಶಾಲು, ಹಣ್ಣಿನ ಬುಟ್ಟಿ "ಅನಾಥ ಬಾಲೆಯನ್ನು ಸಾಕಿದ ಮಹಾತಾಯಿ"ಗೆ. ಸಂಜೆ ಹೊರಡುವ ಮುನ್ನ ಅತ್ತೆ ಈರುಳ್ಳಿ ಬಣ್ಣದ ರೇಷ್ಮೆ ಉಟ್ಟು ನನ್ನನ್ನು ಕರೆದರು.

"ಮೈಕ್ ಕೊಡ್ತಾರೆ. ಎರಡು ಮಾತಾಡು. ನಮ್ಮತ್ತೆ ನಮ್ಮಮ್ಮನಿಗಿಂತ ಹೆಚ್ಚು ಅನ್ನು. ಅಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಅನ್ನು."

"ಅಮ್ಮನ ವಿಷಯ ಬೇಡ ಅತ್ತೆ."

"ಹೇಳಿದಷ್ಟು ಹೇಳು. ಇಲ್ದಿದ್ರೆ ಟ್ರಂಕ್ ಬಾಗ್ಲ ಹಿಂದೇನೇ ಇದೆ, ನಾಳೆ ಬೆಳಿಗ್ಗೆ ಬಸ್ಸು. ಶಾಲೆ, ಓಟ, ಎಲ್ಲಾ ಮುಗೀತು."

ಮಾವ ಪೇಪರ್ ಮಡಿಸಿದರು, ಮತ್ತೆ ಬಿಡಿಸಿದರು.

ವೇದಿಕೆಯ ಮೇಲೆ ಸಂಘದ ಕಾರ್ಯದರ್ಶಿ ಅತ್ತೆಗೆ ಶಾಲು ಹೊದಿಸಿದರು. ಅತ್ತೆ ಶಾಲು ಹೊದ್ದೇ ಕೆಳಗಿಳಿದು ಮುಂದಿನ ಸಾಲಿನಲ್ಲಿ ಭಜನೆಯ ಹೆಂಗಸರ ನಡುವೆ ಕೂತರು, ಪ್ರಸನ್ನ ಹೊಸ ಶರ್ಟ್ ಹಾಕಿಕೊಂಡು ಮಾವನ ಪಕ್ಕದಲ್ಲಿ. ಮೈಕು ನನ್ನ ಕೈಗೆ ಬಂದಾಗ ಗೌತಮಿಯ ಕಡೆ ನೋಡಿದೆ. ಕಣ್ಣಲ್ಲೇ ಕೇಳಿದೆ, ಹೇಳಲೇ ಎಂದು. ಅವಳು ಹೂಂ ಎಂದು ತಲೆಯಾಡಿಸಿದಳು. ನನಗೆ ಹೆದರಿಕೆ ಆಗಲಿಲ್ಲ. ಓಟಕ್ಕೆ ಮುಂಚೆ ಬಗ್ಗಿ ನಿಂತಾಗ ಸುತ್ತಲಿನ ಸದ್ದೆಲ್ಲ ದೂರ ಹೋಗುತ್ತದಲ್ಲ, ಹಾಗೆ ಆಯಿತು.

"ಎಲ್ಲರಿಗೂ ನಮಸ್ಕಾರ," ಎಂದೆ. "ನಾನು ನಮ್ಮ ಅತ್ತೆಯವರಿಗೆ ಥ್ಯಾಂಕ್ಸ್ ಹೇಳ್ಬೇಕು. ಪ್ರಸನ್ನನ ಊಟ ದಿನಾ ಮಧ್ಯಾಹ್ನ ಶಾಲೆಗೆ ನಾನೇ ತಗೊಂಡ್ಹೋಗ್ಬೇಕು, ಕ್ಯಾರಿಯರ್ ಕೆಳಗಿಡಬಾರದು, ಓಡ್ತಾನೇ ಇರ್ಬೇಕು ಅಂತ ಕಲ್ಸಿದವ್ರು ಅವ್ರೇ. ಚೆಲ್ಲಿದ ದಿನ ರಾತ್ರಿ ಊಟ ಇಲ್ಲದೆ ಮಲಗ್ಸಿ, ಚೆಲ್ಲದ ಹಾಗೆ ಓಡೋದು ಕಲ್ಸಿದವ್ರೂ ಅವ್ರೇ."

ಜನ ಇದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟತೊಡಗಿದರು. ಅತ್ತೆ ಅರೆಮನಸ್ಸಿನಿಂದ ನಕ್ಕರು. ನಾನು ಕಾದೆ, ಚಪ್ಪಾಳೆ ನಿಲ್ಲುವವರೆಗೆ.

"ಬೇಟನ್ ಬದಲಾಯಿಸೋದು ಕಲಿಯೋಕೆ ನಮ್ಗೆ ಬೇರೆ ಜಾಗ, ಬೇರೆ ಹೊತ್ತು ಇರ್ಲಿಲ್ಲ. ಅದಕ್ಕೇ ಆ ಕ್ಯಾರಿಯರ್‌ನಲ್ಲೇ ಕಲಿತ್ವಿ. ನಾನು, ಸಾವಿತ್ರಿ, ಮೇರಿ, ಗೌತಮಿ. ದಿನಾ, ನಾಲ್ಕೂ ಜನ ಹಿಡ್ಕೊಂಡು ಓಡಿದೀವಿ. ಅತ್ತೆ ಮಡಿಯಲ್ಲಿ ಮಾಡಿದ ಅಡುಗೆ, ಪ್ರಸನ್ನ ಒಂದಗುಳೂ ಬಿಡದೆ ಊಟ ಮಾಡಿದಾನೆ. ನಮ್ಮ ಗೆಲುವು ಅತ್ತೆಯ ಕ್ಯಾರಿಯರ್‌ದು. ಗೌತಮಿಗೆ ಗೇಟಿನ ಹತ್ತಿರ, ಚರಂಡಿ ಪಕ್ಕ ನಿಲ್ಲಿಸಿ ಗಿಡದ ಮಗ್ಗಲ್ಲಿ ನೀರು ಕೊಟ್ಟಿದ್ರಲ್ಲ ಅತ್ತೆ, ಅದಕ್ಕೂ ಥ್ಯಾಂಕ್ಸ್. ಇದು ಶುರುವಾಗಿದ್ದೇ ಅವತ್ತಿಂದ."

ಕಾರ್ಯದರ್ಶಿ ಮೈಕಿಗೆ ಕೈ ಹಾಕಲು ಬಂದರು. ಅವರಿಗಿಂತ ಮುಂಚೆ ಗೌತಮಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು. ಅತ್ತೆಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ಒಂದೇ ಮಾತು ಹೇಳಿದಳು.

"ಆಂಟಿ, ಹುಳಿಗೆ ಉಪ್ಪು ಒಂಚೂರು ಕಮ್ಮಿ ಇರ್ತಿತ್ತು."

ಮೊದಲು ಹಿಂದಿನ ಸಾಲಿನ ಹುಡುಗರು ನಕ್ಕರು. ಆಮೇಲೆ ಯಾರು ನಕ್ಕರು, ಯಾರು ಎದ್ದು ಹೋದರು ಎಂದು ಬಿಡಿಸಿ ಹೇಳಲಾರೆ. ನಾನು ಅತ್ತೆಯ ಮುಖವನ್ನು ಮಾತ್ರ ನೋಡುತ್ತಿದ್ದೆ. ಭಜನೆಯ ಹೆಂಗಸರಲ್ಲಿ ಪಕ್ಕದವಳು ತನ್ನ ಕುರ್ಚಿಯನ್ನು ಅತ್ತೆಯ ಕುರ್ಚಿಯಿಂದ ಒಂದು ಗೇಣು ಈಚೆ ಎಳೆದುಕೊಂಡಳು. ಸಿಮೆಂಟಿನ ಮೇಲೆ ಕುರ್ಚಿಯ ಕಾಲು ಕರಕರ ಎಂದಿತು. ಪಟ್ಟಿಯ ಈಚೆ ಕೂತು ಉಂಡವಳಿಗೆ ಆ ಗೇಣಿನ ಅರ್ಥ ಗೊತ್ತಿತ್ತು. ಅಂದು ಅತ್ತೆಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಪುರೋಹಿತರು ಬಂದರು. ಪ್ರಸನ್ನನಿಗೂ ಮಾವನಿಗೂ ಪಂಚಗವ್ಯ ಕುಡಿಸಿದರು. ಗೋಮೂತ್ರ ಗಂಟಲಿಗೆ ಇಳಿಯುವ ಮೊದಲೇ ಪ್ರಸನ್ನ ಹಿತ್ತಲಿಗೆ ಓಡಿ ಕಾರಿಕೊಂಡ. "ಅಮ್ಮ, ನಾನೇನ್ ಮಾಡ್ದೆ," ಎಂದು ಅಳುತ್ತಿದ್ದ. ಹಂಡೆಯ ಒಲೆಯ ಪಕ್ಕ ಕೂತು ನಾನು ಕೇಳಿಸಿಕೊಂಡೆ. ಅಡುಗೆಮನೆಯ ಪಾತ್ರೆಗಳೆಲ್ಲ ಅಂಗಳಕ್ಕೆ ಬಂದವು, ಕ್ಯಾರಿಯರ್ ಹಳೇ ಪಾತ್ರೆಯವನ ತಳ್ಳುಗಾಡಿಗೆ ಹೋಯಿತು. ನನ್ನ ಟ್ರಂಕು ವರಾಂಡಕ್ಕೆ. ಮಾವ ಟ್ರಂಕು ಹಿಡಿದು ನನ್ನ ಜೊತೆ ನಡೆದರು. ಬಸ್ ಸ್ಟಾಪಿನಲ್ಲಿ ನಿಂತು, "ಒಂದ್ಸಲ ತಪ್ಪಾಯ್ತು ಅಂದ್ಬಿಡು ಶಾಂತಾ. ನಾನು ಒಪ್ಪಿಸ್ತೀನಿ," ಎಂದರು.

"ತಪ್ಪಾಗಿಲ್ಲ ಮಾವ."

"ಹಾಗಾದ್ರೆ ಎಲ್ಲಿಗೆ ಹೋಗ್ತೀಯಮ್ಮ? ನಿಮ್ಮಪ್ಪ ಎಲ್ಲಿದಾರೋ ಯಾರಿಗೆ ಗೊತ್ತು."

"ಗೌತಮಿ ಮನೆಗೆ."

ಅವರು ಹಳ್ಳಿಯ ಓಣಿಯ ಬಾಯಿಯವರೆಗೆ ಬಂದರು. ಅಲ್ಲಿ ಟ್ರಂಕನ್ನು ನನ್ನ ಕೈಗೆ ಕೊಟ್ಟು ತಿರುಗಿದರು. ಅವರು ಒಳ್ಳೆಯವರು ಎಂದು ಈಗಲೂ ಜನ ಹೇಳುತ್ತಾರೆ.

ಸುಂದರಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಮುದ್ದೆ ಕಟ್ಟುತ್ತಿದ್ದರು. ಎರಡೇ ಕೋಣೆಯ ಮನೆ, ಗೋಡೆಯಲ್ಲಿ ಬುದ್ಧನ ಪಟ, ಸಗಣಿ ಸಾರಿಸಿದ ನೆಲದಲ್ಲಿ ಯಾವ ಪಟ್ಟಿಯೂ ಇಲ್ಲ. ನನ್ನನ್ನೂ ಟ್ರಂಕನ್ನೂ ನೋಡಿ ಗೌತಮಿಯ ಕಡೆ ತಿರುಗಿದರು.

"ಇವ್ಳೇನಾ ಮೈಕಲ್ಲಿ ಮಾತಾಡಿದ್ದು?"

"ಇವ್ಳೇ."

"ಬಾಯಿ ಜೋರು, ಮೈಯಲ್ಲಿ ಮಾತ್ರ ಏನೂ ಇಲ್ಲ. ಕೂತ್ಕೋ ಮಗಾ. ಬಿಸಿ ಇದ್ದಾಗ್ಲೇ ಉಣ್ಣು."

ಮುಂದಿನ ಜೂನಿನಲ್ಲಿ ನರಸಪ್ಪ ಮಾಸ್ತರು ಓಡಾಡಿ ಕ್ರೀಡಾ ಹಾಸ್ಟೆಲಿನಲ್ಲಿ ನನಗೂ ಗೌತಮಿಗೂ ಸೀಟು ಕೊಡಿಸಿದರು. ಅಲ್ಲಿಯವರೆಗೆ ನಾನು ಆ ಎರಡು ಕೋಣೆಗಳಲ್ಲೇ ಇದ್ದೆ, ಶಾಲೆ ಒಂದು ದಿನವೂ ತಪ್ಪಲಿಲ್ಲ. ಸುದ್ದಿ ಕೇಳಿ ಅಪ್ಪ ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ಬಂದು, ನನ್ನ ಪಕ್ಕ ಕೂತು ಉಂಡರು. ಮಗಳ ವಿಷಯ, ಜಾತಿಯ ವಿಷಯ ಏನೂ ಎತ್ತಲಿಲ್ಲ. "ಈ ಸಾರಿಗೆ ಏನ್ ಹಾಕ್ತೀರಮ್ಮ, ಧನಿಯಾ ಹುರಿದು ಹಾಕ್ತೀರಾ?" ಎಂದು ಸುಂದರಮ್ಮನನ್ನು ಕೇಳಿದರು. ಅವರಿಗೆ ಗೌರವ ತೋರಿಸಲು ಗೊತ್ತಿದ್ದ ಮಾತು ಅದೇ.

ಆ ಮನೆಗೆ ಹೋದ ಮೊದಲ ದಿನ, ತಟ್ಟೆ ತೊಳೆಯುತ್ತಾ, ನಾನು ಗೌತಮಿಯನ್ನು ಕೇಳಿದ್ದೆ.

"ನಿಜ ಹೇಳು. ಹುಳಿ ಯಾವಾಗ ರುಚಿ ನೋಡ್ದೆ? ನಾನು ನೋಡೇ ಇಲ್ವಲ್ಲ."

"ಅಯ್ಯೋ, ಯಾವಾಗ್ಲೂ ಇಲ್ಲ. ಮುಚ್ಚಳಾನೇ ತೆಗ್ದಿಲ್ಲ," ಎಂದಳು. "ಅವ್ರ್ ಮನೆ ಹುಳಿ ಯಾರಿಗ್ ಬೇಕಿತ್ತು. ಯೋಚ್ನೆ ಮಾಡ್ಲಿ ಅಂತ ಅಂದೆ."

ಅತ್ತೆ ಯೋಚನೆ ಮಾಡಿದರು. ಎಷ್ಟು ಎಂಬುದು ನನಗೆ ತಿಳಿದದ್ದು ಕೆಲವು ವರ್ಷಗಳಾದ ಮೇಲೆ, ಕ್ರೀಡಾ ಕೋಟಾದಲ್ಲಿ ನನಗೂ ಗೌತಮಿಗೂ ಕೆಲಸ ಸಿಕ್ಕಿದ್ದ ಹೊತ್ತಿಗೆ. ಪ್ರಸನ್ನ ಜೆ.ಪಿ. ನಗರದಲ್ಲಿ ಮನೆ ಮಾಡಿದ್ದ. ಅಮ್ಮನಿಗೆ ಹುಷಾರಿಲ್ಲ, ನಿನ್ನನ್ನು ನೋಡಬೇಕಂತೆ ಎಂದು ಹೇಳಿ ಕಳಿಸಿದ. ಹೋದೆ. ಅತ್ತೆ ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದರು, ಬಹಳ ಇಳಿದಿದ್ದರು. ಕ್ಷಮೆ ಕೇಳುತ್ತಾರೇನೋ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಕೇಳಿದರೆ ಏನು ಹೇಳಬಾರದು ಎಂಬುದನ್ನೂ ಯೋಚಿಸಿಕೊಂಡಿದ್ದೆ. ಅವರು ಪ್ರಸನ್ನನ ಹೆಂಡತಿ ಕಾಫಿ ಇಟ್ಟು ಹೋದ ಮೇಲೆ ದನಿ ತಗ್ಗಿಸಿ ಕೇಳಿದರು.

"ಶಾಂತಾ, ಆ ಹುಡುಗಿ ನಿಜವಾಗ್ಲೂ ರುಚಿ ನೋಡಿದ್ಲೇನೇ?"

ನಾನು ಕಾಫಿಯ ಲೋಟ ಎತ್ತಿಕೊಂಡೆ.

"ಅದನ್ನ ಅವಳನ್ನೇ ಕೇಳ್ಬೇಕು ಅತ್ತೆ. ಬನಶಂಕರೀಲಿ ಮನೆ, ಹತ್ರಾನೇ. ಈಗ್ಲೇ ಆಟೋ ತರಿಸ್ತೀನಿ, ನಡೀರಿ. ಬಂದವ್ರಿಗೆ ಊಟ ಹಾಕ್ದೆ ಕಳ್ಸೋಳಲ್ಲ ಅವಳು."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಅವಸರ ಮಾಡದೆ ಕಾಫಿ ಮುಗಿಸಿದೆ. ಅವರಿಗೆ ನೆಮ್ಮದಿಯಾಗಲು ನನ್ನಿಂದ ಒಂದು "ಇಲ್ಲ" ಸಾಕಿತ್ತು. ಅದನ್ನು ಹೇಳದೆ ಎದ್ದು ಬಂದೆ.